ಮೂವತ್ತೊಂದನೇ ಚೀಲ

ಹಡಗಿನಿಂದ ಮೀನು ಬಂದದ್ದು ಟೇಪಣ್ಣ ಕಾಣೆಯಾಗಿ ನಲವತ್ತಮೂರು ದಿನಗಳಾದ ಮೇಲೆ. ಶೈತ್ಯದ ಲಾರಿಯೊಂದು ಸಂಗ್ರಹಾಲಯದ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತಿತು. ಡ್ರೈವರು ಇಳಿದು ಬಂದು ಹಾಳೆಯೊಂದನ್ನು ಚಾಚಿ, "ಮೂವತ್ತೊಂದು ಚೀಲ ಇದೆ ಮೇಡಂ. ಎಣಿಸ್ಕೊಂಡು ಸಹಿ ಹಾಕಿ" ಎಂದ. ಹಾಳೆಯ ಮೇಲಿನ ಕೈಬರಹ ಟೇಪಣ್ಣನದು. ಬಲಕ್ಕೆ ವಾಲಿದ ಅಕ್ಷರ, ಸೊನ್ನೆಯ ಹೊಟ್ಟೆಯಲ್ಲೊಂದು ಚುಕ್ಕೆ. ಎಣಿಸುವುದನ್ನೇ ಕೆಲಸ ಮಾಡಿಕೊಂಡಿದ್ದ ಕಿವಿರಕ್ಕ ಅವತ್ತು ಎಣಿಸಲಿಲ್ಲ. ತೋರಿಸಿದ ಕಡೆ ಸಹಿ ಹಾಕಿ ಒಳಗೆ ನಡೆದಳು.

ಕಿವಿರಕ್ಕ ಎಂಬ ಹೆಸರಿಟ್ಟವನೂ ಅವನೇ. ಯಾವ ಶಾರ್ಕ್ ಮೇಜಿಗೆ ಬಂದರೂ ಅವಳು ಮೊದಲು ಅದರ ಕುತ್ತಿಗೆಯ ಪಕ್ಕ ಬೆರಳಿಟ್ಟು ಕಿವಿರಿನ ಸೀಳುಗಳನ್ನು ಎಣಿಸುತ್ತಿದ್ದಳು. ಶಾರ್ಕುಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಐದೈದು ಸೀಳು. ಆಳದ ಕತ್ತಲಲ್ಲಿ ಬದುಕುವ ಒಂದು ಹಳೆಯ ಮನೆತನಕ್ಕೆ ಮಾತ್ರ ಆರು, ಇಲ್ಲವೇ ಏಳು. ಬೆನ್ನ ಮೇಲೆ ಒಂದೇ ಈಜುರೆಕ್ಕೆ, ಅದೂ ಬಾಲದ ಹತ್ತಿರ. ಆ ಮನೆತನದ ಮೀನುಗಳನ್ನು ವಿಂಗಡಿಸಿ ಹೆಸರು ಹಚ್ಚುವುದು ಅವಳ ಕೆಲಸ, ಅಳೆಯುವುದು ಅವನ ಕೆಲಸ. ದರ್ಜಿಗಳ ಹಳದಿ ಟೇಪನ್ನು ಕೊರಳಿಗೆ ಹಾಕಿಕೊಂಡೇ ಓಡಾಡುತ್ತಿದ್ದುದರಿಂದ ಅವನು ಟೇಪಣ್ಣ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದರೂ ಅಕ್ಕ ಎಂದೇ ಕರೆದು ರೇಗಿಸುತ್ತಿದ್ದ. ಈ ಮೀನುಗಳನ್ನು ಯಾರಾದರೂ ಹಿಂದುಳಿದವು ಅಂದರೆ ಮಾತ್ರ ಅವನ ನಗು ಹಾರಿಹೋಗುತ್ತಿತ್ತು. "ಹಳೆಯವು ಅನ್ನಿ, ಒಪ್ತೀನಿ. ಇಷ್ಟು ಕೋಟಿ ವರ್ಷ ಬದುಕಿ ಬಂದಿರೋದನ್ನ ಹಿಂದುಳಿದದ್ದು ಅಂತ ಯಾವ ಬಾಯಲ್ಲಿ ಅಂತೀರಿ?" ಆ ಆರನೆಯ, ಏಳನೆಯ ಸೀಳುಗಳು ಪೂರ್ವಿಕರಿಂದ ಬಂದದ್ದೋ ಅಥವಾ ಆಮೇಲೆ ಸೇರಿಕೊಂಡದ್ದೋ ಎಂಬುದರ ಮೇಲೆ ಇಬ್ಬರೂ ಹದಿನಾಲ್ಕು ವರ್ಷ ಜಗಳವಾಡಿದ್ದರು. ಅವನು ಪೂರ್ವಿಕರ ಕಡೆ, ಇವಳು ಆಮೇಲಿನ ಕಡೆ. ಯಾರೂ ಸೋತಿರಲಿಲ್ಲ.

ಆ ಸಲದ ಯಾನಕ್ಕೆ ಹೋಗಬೇಕಾಗಿದ್ದವಳು ಅವಳು. ಹನ್ನೆರಡು ದಿನ, ಎಂಟುನೂರು ಮೀಟರ್ ಆಳಕ್ಕೆ ಗಾಳಗಳ ಉದ್ದನೆಯ ಸಾಲು ಇಳಿಸಬೇಕು. ಮೇಲೆ ಬಂದದ್ದರಲ್ಲಿ ಬದುಕಿದ್ದಕ್ಕೆ ಗುರುತು ಹಾಕಿ ಬಿಡಬೇಕು, ಸತ್ತದ್ದನ್ನು ಹೆಪ್ಪುಗಟ್ಟಿಸಿ ತರಬೇಕು. ಹನ್ನೊಂದು ಸಲ ಹೋಗಿಬಂದಿದ್ದಳು. ಹನ್ನೆರಡನೇ ಸಲ ಸುಮ್ಮನೆ ಬೇಡವೆನಿಸಿತು. ಡೀಸೆಲ್ ವಾಸನೆ, ಮೊದಲ ಮೂರು ದಿನದ ವಾಂತಿ, ಕಾಲು ಚಾಚಿದರೆ ಕಬ್ಬಿಣ ತಗಲುವ ಹಾಸಿಗೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಇರಲಿಲ್ಲ. ಜ್ವರ ಅಂತ ಹೇಳಿಬಿಡಲೇ ಎಂದು ಅಮ್ಮನಿಗೆ ಫೋನ್ ಮಾಡಿ ಕೇಳಿದ್ದಳು.

"ಜ್ವರ ಅನ್ಬೇಡ, ಯಾರಾದ್ರೂ ಹಣೆ ಮುಟ್ಟಿ ನೋಡ್ತಾರೆ" ಎಂದಿದ್ದಳು ಅಮ್ಮ. "ಕಿವಿ ನೋವು ಅನ್ನು. ಕಿವಿ ಒಳಗೆ ಇಣುಕಿ ನೋಡೋರು ಯಾರಿದ್ದಾರೆ?"

ಇಬ್ಬರೂ ನಕ್ಕಿದ್ದರು. ಮರುದಿನ ಅವಳು ಎಡಗಿವಿ ಸೋರುತ್ತಿದೆ ಎಂದು ನಿರ್ದೇಶಕರ ಮುಂದೆ ಹೇಳುವಾಗ ಟೇಪಣ್ಣ ಪಕ್ಕದ ಮೇಜಿನಲ್ಲಿ ಏನೋ ಬರೆಯುತ್ತಿದ್ದ. ತಲೆ ಎತ್ತದೆಯೇ ಅಂದ: "ಸೋರೋ ಕಿವಿ ಇಟ್ಕೊಂಡು ಹಡಗು ಹತ್ತೋದಾ? ನಾನು ಹೋಗ್ತೀನಿ ಬಿಡು. ನೀನು ಹತ್ತಿ ತುರುಕ್ಕೊಂಡು ಮಲ್ಕೋ."

ಒಂಬತ್ತನೇ ದಿನ, ಬೆಳಗಿನ ಹನ್ನೊಂದರ ಸುಮಾರಿಗೆ, ಬಿಸಿಲು ಸುರಿಯುತ್ತಿದ್ದಾಗ, ಅಲೆ ಇಲ್ಲದ ಸಮುದ್ರದಲ್ಲಿ ಟೇಪಣ್ಣ ಹಡಗಿನ ಹಿಂಭಾಗಕ್ಕೆ ಹೋದ. ಇಪ್ಪತ್ತು ನಿಮಿಷದ ಮೇಲೆ ಯಾರೋ ಅವನನ್ನು ಕರೆದರು. ಇರಲಿಲ್ಲ. ಎರಡು ದಿನ ಹುಡುಕಿದರು. ವಿಚಾರಣೆಯವರು ಆಕಸ್ಮಿಕ ಎಂದು ಬರೆದು ಮುಗಿಸಿದರು. ಆದರೆ ಕ್ಯಾಂಟೀನಿನಲ್ಲಿ ಮಾತು ಬೇರೆ ಹರಡಿತ್ತು. ಹಿಂದಿನ ಸಂಜೆ ಹಡಗಿನ ಫೋನಿನಲ್ಲಿ ಅವನೂ ಹೆಂಡತಿಯೂ ಜೋರು ಜಗಳವಾಡಿದ್ದರಂತೆ. ಮನಸ್ಸಿಗೆ ಹಚ್ಚಿಕೊಂಡಿರಬೇಕು ಎಂದು ಒಬ್ಬರು ದನಿ ತಗ್ಗಿಸಿ ಹೇಳಿದರೆ ಇನ್ನೊಬ್ಬರು ಲೊಚಗುಟ್ಟುತ್ತಿದ್ದರು.

ಸುದ್ದಿ ಬಂದ ಮಧ್ಯಾಹ್ನದಿಂದಲೇ ಅವಳ ಎಡಗಿವಿ ಮೊರೆಯತೊಡಗಿತು. ದೂರದಲ್ಲೆಲ್ಲೋ ಹಗ್ಗ ಸುತ್ತುವ ಯಂತ್ರ ತಿರುಗುತ್ತಿರುವ ಹಾಗೆ, ಒಂದೇ ಸಮ. ಕಿವಿಯ ವೈದ್ಯರು ಒಳಗೆ ದೀಪ ಬಿಟ್ಟು ನೋಡಿದರು. "ಕನ್ನಡಿ ಇದ್ದ ಹಾಗಿದೆಯಲ್ಲಮ್ಮ, ಏನೂ ಇಲ್ಲ" ಎಂದರು. ಅಮ್ಮ ದಿನಾ ಫೋನ್ ಮಾಡಿ ಊಟ ಆಯಿತಾ ಎಂದು ಕೇಳುತ್ತಿದ್ದಳು. ಇಡುವ ಮುಂಚೆ ಒಂದು ಕ್ಷಣ ತಡೆದು, ಏನೋ ಹೇಳಹೊರಟು, ಹೇಳದೆ ಇಡುತ್ತಿದ್ದಳು.

ಚೀಲಗಳನ್ನು ಒಂದೊಂದಾಗಿ ಕರಗಿಸಿ ಗುರುತಿಸುವ ಕೆಲಸ ಶುರುವಾಯಿತು. ತೊಳೆಯುವ ಕೋಣೆಗೆ ಕಿಟಕಿ ಇಲ್ಲ. ಗೋಡೆಗೆ ಬಿಳಿ ಟೈಲ್ಸು, ನೆಲಕ್ಕೆ ಇಳಿಜಾರು, ನಡುವೆ ಸ್ಟೀಲಿನ ಎರಡು ಮೇಜು. ಪ್ರತಿ ಮೀನಿನ ಬಾಲಕ್ಕೂ ಟೇಪಣ್ಣ ಒದ್ದೆಯಾದರೂ ಅಳಿಸದ ಪೆನ್ಸಿಲಿನಲ್ಲಿ ಬರೆದ ಚೀಟಿ ಕಟ್ಟಿದ್ದ. ಸಂಖ್ಯೆ, ಹೊತ್ತು, ಆಳ, ಉದ್ದ, ಗಂಡೋ ಹೆಣ್ಣೋ. ಅದರ ಕೆಳಗೆ ತೋಚಿದ್ದೊಂದು ಸಾಲು. ನಾಲ್ಕನೆಯದಕ್ಕೆ "ಈಕೆಗೆ ಸಿಟ್ಟು ಜಾಸ್ತಿ, ಬೂಟು ಕಚ್ಚಿದಳು." ಒಂಬತ್ತನೆಯದಕ್ಕೆ "ಕಣ್ಣು ನೋಡು ಅಕ್ಕ, ಹಸಿರು ಬಾಟಲಿ." ಅವಳು ನೋಡುವ ಹೊತ್ತಿಗೆ ಆ ಕಣ್ಣು ಬೆಳ್ಳಗಾಗಿತ್ತು. ಓದಿದ ಚೀಟಿಯನ್ನೆಲ್ಲ ನೀರು ಒರೆಸಿ ಸಾಲಾಗಿ ಹರಡುತ್ತಿದ್ದಳು.

ಹದಿನೇಳನೇ ಚೀಲದಲ್ಲಿ ಮೊಳದುದ್ದದ ಮರಿಯೊಂದು ಮುದುರಿ ಹೆಪ್ಪುಗಟ್ಟಿತ್ತು. ಪೂರ್ತಿ ಕರಗುವ ಮೊದಲೇ ಎಣಿಸಿದಳು. ಮೂರು, ನಾಲ್ಕು, ಐದು, ಆರು. ಪುಸ್ತಕದಲ್ಲಿ ಆರು ಎಂದು ಬರೆದಳು.

"ಏಳು."

ಎಡಗಿವಿಯ ಮೊರೆತದೊಳಗಿಂದ ಬಂತು ಆ ಮಾತು. ಕೂಗಿದ್ದಲ್ಲ, ಪಿಸುಗುಟ್ಟಿದ್ದೂ ಅಲ್ಲ. ಪಕ್ಕದ ಮೇಜಿನವರು ತಲೆ ಎತ್ತದೆ ಹೇಳುತ್ತಾರಲ್ಲ, ಹಾಗೆ. ಅವಳು ತಿರುಗಿ ನೋಡಿದಳು. ನಲ್ಲಿ ತೊಟ್ಟಿಕ್ಕುತ್ತಿತ್ತು, ಬಾಗಿಲು ಹಾಕಿತ್ತು. ಎಷ್ಟೋ ಹೊತ್ತಿನ ಮೇಲೆ ಮೀನಿನ ಕಡೆ ಬಗ್ಗಿ, ಎದೆಯ ಈಜುರೆಕ್ಕೆಯನ್ನು ಹೆಬ್ಬೆರಳಿನಿಂದ ಎತ್ತಿದಳು. ಅದರ ಬುಡದಲ್ಲಿ ಮಂಜು ಕಚ್ಚಿಕೊಂಡು ಮುಚ್ಚಿಹೋಗಿದ್ದ ಪುಟ್ಟ ಸೀಳೊಂದಿತ್ತು. ಏಳನೆಯದು. ಚೂಪು ಮೂತಿ, ದೊಡ್ಡ ಕಣ್ಣು. ಕೆಲಸ ಕಲಿಯಲು ಬಂದವರೂ ತಪ್ಪುವಂಥದ್ದಲ್ಲ. ಚೀಟಿ ಮಗುಚಿ ನೋಡಿದಳು. "ಏಳು. ಎಣಿಸಿದ್ದೀನಿ. ನೀನೂ ಎಣಿಸು." ಚೀಟಿ ಮೇಜಿನ ಮೇಲೇ ಇತ್ತು, ಓರೆಗಣ್ಣಿಗೆ ಬಿದ್ದಿರಬೇಕು, ಅದನ್ನೇ ಮನಸ್ಸು ಓದಿ ಹೇಳಿರಬೇಕು ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಳು. ಆದರೆ ಅದು ಮಗುಚಿ ಬಿದ್ದಿತ್ತೆಂಬುದು ಮನೆಗೆ ಹೋಗುವ ಬಸ್ಸಿನಲ್ಲಿ ನೆನಪಾಯಿತು.

ಮೂವತ್ತು ಮುಗಿದವು. ಮೂವತ್ತೊಂದನೆಯದನ್ನು ಅವಳು ಮುಟ್ಟಲಿಲ್ಲ. ಅದರ ಚೀಟಿ ಚೀಲದ ಹೊರಗೇ ಕಟ್ಟಿತ್ತು. ಹೊತ್ತು: ಬೆಳಿಗ್ಗೆ ಹತ್ತು ನಲವತ್ತು. ನೆರಿಗೆ ಶಾರ್ಕ್, ಹೆಣ್ಣು, ಬಸುರಿ. ಉದ್ದ ಎಂದು ಬರೆದು ಮುಂದೆ ಖಾಲಿ. ಹದಿನಾಲ್ಕು ವರ್ಷದಲ್ಲಿ ಟೇಪಣ್ಣ ಉದ್ದ ಬರೆಯದೆ ಬಿಟ್ಟ ಮೀನೊಂದನ್ನು ಅವಳು ಕಂಡಿರಲಿಲ್ಲ. ಅಳೆಯುವುದನ್ನೇ ಬಿಟ್ಟನೆಂದರೆ ಆ ಹೊತ್ತಿಗೆ ಅವನಿಗೆ ಯಾವುದೂ ಬೇಡವಾಗಿತ್ತೆಂದೇ ಅರ್ಥವಲ್ಲವೆ? ಕ್ಯಾಂಟೀನಿನವರ ಮಾತು ನಿಜವೆನ್ನುವುದಕ್ಕೆ ಆ ಖಾಲಿ ಜಾಗವೇ ಸಾಕ್ಷಿಯಂತಿತ್ತು. ವಿಚಾರಣೆಯವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅವಳೂ ಯಾರಿಗೂ ತೋರಿಸಲಿಲ್ಲ. ನಿರ್ದೇಶಕರು ಎರಡು ಸಲ ಕೇಳಿದರು. ಎರಡು ಸಲವೂ "ಕರಗಿಸೋಕೆ ಜಾಗ ಇಲ್ಲ ಸಾರ್" ಎಂದಳು. ಎರಡು ಮೇಜೂ ಖಾಲಿ ಬಿದ್ದಿದ್ದವು.

ಒಂದು ಸೋಮವಾರ ಮಧ್ಯಾಹ್ನ ಟೇಪಣ್ಣನ ಹೆಂಡತಿ ಬಂದಳು. ಎರಡು ಬೀದಿ ಆಚೆ ಅವಳದೊಂದು ಹೊಲಿಗೆ ಅಂಗಡಿ. ಟೇಪಣ್ಣನ ಕೊರಳಲ್ಲಿ ತೂಗುತ್ತಿದ್ದ ಟೇಪು ಅಲ್ಲಿಂದಲೇ ಬಂದದ್ದು. ಕಿವಿರಕ್ಕ ಅವಳನ್ನು ಅತ್ತಿಗೆ ಎನ್ನುತ್ತಿದ್ದಳು. ಸುದ್ದಿ ಬಂದ ಮೇಲೆ ಒಂದೇ ಸಲ ಊಟದ ಡಬ್ಬಿ ಹಿಡಿದು ಅತ್ತಿಗೆಯ ಮನೆಗೆ ಹೋಗಿದ್ದು, ಅದೂ ಬಾಗಿಲಲ್ಲೇ ಕೊಟ್ಟು ವಾಪಸ್ಸು.

"ಕೂತ್ಕೊಳ್ಳಿ ಅತ್ತಿಗೆ."

"ಕೂರೋಕೆ ಬಂದಿಲ್ಲ. ಅವರು ಕೊನೇಗೆ ಮುಟ್ಟಿದ್ದು ಇಲ್ಲಿದೆಯಂತೆ. ಅದನ್ನ ನೋಡ್ಬೇಕು."

"ಅದು ಮೀನು ಅತ್ತಿಗೆ."

"ಇಪ್ಪತ್ತೆರಡು ವರ್ಷ ಮೀನಿನ ವಾಸನೆ ಜೊತೆ ಸಂಸಾರ ಮಾಡಿದ್ದೀನಿ. ಮೀನು ಅಂತ ನನಗೆ ಗೊತ್ತಿಲ್ವಾ?"

"ಕರಗೋಕೇ ಎರಡು ದಿನ ಬೇಕು."

"ಹಾಗಾದ್ರೆ ಬುಧವಾರ ಬರ್ತೀನಿ. ನಾನು ಬರೋವರೆಗೂ ನೀನು ಬಿಚ್ಚಬೇಡ" ಎಂದು ಹೇಳಿ, ಉತ್ತರಕ್ಕೆ ಕಾಯದೆ ಹೋದಳು.

ಬುಧವಾರ ಹತ್ತಕ್ಕೆ ತನ್ನದೇ ಏಪ್ರನ್ ಮಡಚಿ ತಂದಿದ್ದಳು. ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು. ಕಿವಿರಕ್ಕ ಚೀಲದ ಬಾಯಿ ಬಿಡಿಸಿ ಎರಡೂ ಕಡೆಗೆ ಹರವಿದಳು. ಕಂದು ಬಣ್ಣದ, ಹಾವಿನಂತೆ ಉದ್ದನೆಯ ಮೈ, ಚಪ್ಪಟೆ ತಲೆ, ಬಾಯಿ ಬೇರೆ ಶಾರ್ಕುಗಳ ಹಾಗೆ ಕೆಳಗಿರದೆ ತಲೆಯ ತುದಿಯಲ್ಲೇ ಇತ್ತು. ತೆರೆದ ಬಾಯಲ್ಲಿ ಮೂರು ಮೂರು ಮೊನೆಯ ಸಣ್ಣ ಬಿಳಿ ಹಲ್ಲುಗಳು, ಸಾಲಿನ ಹಿಂದೆ ಸಾಲು, ಮುನ್ನೂರರಷ್ಟು. ಕುತ್ತಿಗೆಯಲ್ಲಿ ಆರು ಸೀಳು. ಪ್ರತಿ ಸೀಳಿನ ಅಂಚಿನಿಂದಲೂ ಕೆಂಪು ಕಿವಿರು ನೆರಿಗೆ ನೆರಿಗೆಯಾಗಿ ಹೊರಗೆ ಇಣುಕಿತ್ತು.

ಅತ್ತಿಗೆ ಸ್ವಲ್ಪ ಹೊತ್ತು ದೂರದಿಂದ ನೋಡಿದಳು. ಆಮೇಲೆ ಹತ್ತಿರ ಬಂದು, ಬಟ್ಟೆ ಪರೀಕ್ಷೆ ಮಾಡುವವಳಂತೆ ಎರಡು ಬೆರಳಿನ ನಡುವೆ ಆ ಅಂಚನ್ನು ಹಿಡಿದಳು. ಕೈ ಗಂಟಲ ಕೆಳಗೆ ಸುತ್ತಿ ಆಚೆ ಬದಿಗೆ ಹೋಯಿತು.

"ಈ ಮೊದಲನೇದು ಎರಡು ಕಡೆ ಬೇರೆ ಬೇರೆ ಅಲ್ಲ. ಕೆಳಗಿಂದ ಸುತ್ತಿ ಬಂದಿದೆ, ಕಾಲರ್ ಥರ. ನಡುವೆ ಎಲ್ಲೂ ಜೋಡಣೆ ಇಲ್ಲ."

"ಪುಸ್ತಕದಲ್ಲೂ ಅದನ್ನೇ ಬರೆದಿರೋದು ಅತ್ತಿಗೆ. ಇದರ ನೆಂಟರಿಗೆ ಹೀಗಿರಲ್ಲ. ಈ ಒಂದು ಗುರುತಿಗೇ ಇದನ್ನ ಬೇರೆ ಮನೆ ಮಾಡಿ ಇಟ್ಟಿದ್ದಾರೆ."

"ಅವರು ಹೇಳಿದ್ರು ಒಂದ್ಸಲ. ನನಗೆ ಅರ್ಥ ಆಗಿರ್ಲಿಲ್ಲ. ಕೈಗೆ ಸಿಕ್ಕಿದ್ರೆ ತಾನೆ."

ಅಳೆಯುವುದಕ್ಕೆ ಮೀನನ್ನು ಚೀಲದಿಂದ ಎತ್ತಿ ಹಲಗೆಗೆ ಹಾಕಬೇಕಿತ್ತು. ಕಿವಿರಕ್ಕ ತಲೆಯ ಕಡೆ, ಅತ್ತಿಗೆ ಬಾಲದ ಕಡೆ ಕೈ ಕೊಟ್ಟು ಎತ್ತಿದರು. ಮೀನು ಎದ್ದಿತು. ಅದರ ಮೈಗೆ ಅಂಟಿಕೊಂಡಿದ್ದ ಏನೋ ಒಂದು ಅದರ ಜೊತೆಗೇ ಎದ್ದಿತು.

ಹಳದಿ ಟೇಪು. ಮೂತಿಯಿಂದ ಬಾಲದವರೆಗೆ ಹೊಟ್ಟೆಯ ಅಡಿಯಲ್ಲಿ ನೆಟ್ಟಗೆ ಎಳೆದಿಟ್ಟದ್ದು ಹಾಗೇ ಹೆಪ್ಪುಗಟ್ಟಿ, ಲೋಳೆಗೆ ಕಚ್ಚಿಕೊಂಡಿತ್ತು. ಸೊನ್ನೆಯ ತುದಿಯ ತಗಡು ಮೂತಿಯ ತುದಿಗೆ ಸರಿಯಾಗಿ ಕೂತಿತ್ತು.

ಇಬ್ಬರೂ ಮೀನನ್ನು ಹಾಗೆಯೇ ಹಿಡಿದು ನಿಂತರು. ಭಾರಕ್ಕೆ ತೋಳು ಸೋತಿತು. ನಿಧಾನವಾಗಿ ಹಲಗೆಗೆ ಇಳಿಸಿದರು. ಅತ್ತಿಗೆ ಬಾಲದ ತುದಿಗೆ ಬಗ್ಗಿ, ಉಗುರಿನಿಂದ ಲೋಳೆ ಸರಿಸಿ ಓದಿದಳು. "ನೂರ ನಲವತ್ತಾರು." ಮತ್ತೊಂದು ಸಲ ಓದಿದಳು. "ನೂರ ನಲವತ್ತಾರು. ಬರ್ಕೋ."

ಕಿವಿರಕ್ಕ ಬರೆದುಕೊಳ್ಳಲಿಲ್ಲ. ಅವಳು ಆಗಲೇ ಆ ಹಡಗಿನ ಅಡಿಗೆಯವನಿಗೆ ಫೋನ್ ಮಾಡುತ್ತಿದ್ದಳು. ಹನ್ನೊಂದು ಯಾನಗಳ ಪರಿಚಯ. ಇಬ್ಬರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟಳು.

"ಆವತ್ತು ಬೆಳಿಗ್ಗೆ ಟೇಪಣ್ಣ ಏನಾದ್ರೂ ಹುಡುಕ್ತಿದ್ರಾ?"

"ಹೌದಮ್ಮ" ಎಂದ ಅಡಿಗೆಯವ, ಯೋಚಿಸದೆಯೇ. "ಮೀನು ಅಳೆಯೋಕೆ ಕೂತಿದ್ದಾಗ ಯಂತ್ರದ ಹತ್ರ ಕರೆದ್ರು, ಹೋದ್ರು. ಬಿಸಿಲಿಗೆ ಕೆಡುತ್ತೆ ಅಂತ ಯಾರೋ ಚೀಲ ಮುಚ್ಚಿ ಫ್ರೀಜರ್‌ಗೆ ಹಾಕ್ಬಿಟ್ರು. ವಾಪಸ್ ಬಂದು ಟೇಪೆಲ್ಲಿ, ಟೇಪೆಲ್ಲಿ ಅಂತ ಸುತ್ತಿದ್ದೇ ಸುತ್ತಿದ್ದು. ಅಡಿಗೆಮನೆಗೂ ಬಂದ್ರು. ಪಾತ್ರೆ ಕೆಳಗೆಲ್ಲ ನೋಡಿದ್ರು. ನೀರಿಗೆ ಬಿತ್ತೇನೋ ಅಂದ್ಕೊಂಡು ಹಿಂದಕ್ಕೆ ಹೋದ್ರು."

"ವಿಚಾರಣೆಯಲ್ಲಿ ಯಾಕೆ ಹೇಳ್ಲಿಲ್ಲ?"

"ಜಗಳ ಆಯ್ತಾ ಅಂತ ಕೇಳಿದ್ರು, ಆಯ್ತು ಅಂದೆ. ಏನು ಹುಡುಕ್ತಿದ್ರು ಅಂತ ಯಾರೂ ಕೇಳ್ಲೇ ಇಲ್ವಲ್ಲಮ್ಮ."

ಫೋನಿಟ್ಟ ಮೇಲೆ ಅತ್ತಿಗೆ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದಳು. ಬೆನ್ನು ಮಾತ್ರ ಕಾಣುತ್ತಿತ್ತು. ಅಳುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ತಿರುಗಿದಾಗ ಮುಖ ಒಣಗಿತ್ತು.

"ಬಸುರಿ ಅಂತ ಬರೆದಿದ್ದಾರಲ್ಲ. ನೋಡ್ಬೇಡ್ವಾ?"

"ಇವತ್ತೇ ಬೇಕಾಗಿಲ್ಲ ಅತ್ತಿಗೆ."

"ಇವತ್ತೇ. ನಾಳೆಗೆ ನನಗೆ ಧೈರ್ಯ ಇರಲ್ಲ."

ಕಿವಿರಕ್ಕ ಹೊಟ್ಟೆ ಸೀಳಿದಳು. ಮೊದಲು ಕಂಡದ್ದು ಯಕೃತ್ತು. ಮೈಯ ಉದ್ದಕ್ಕೂ ಎರಡು ಮಾಸಲು ಹಾಳೆಗಳಂತೆ ಚಾಚಿ, ಮುಟ್ಟಿದ ಕಡೆ ಎಣ್ಣೆ ಒಸರುತ್ತಿತ್ತು.

"ಇಷ್ಟೊಂದು ಯಾಕಿದೆ?"

"ಇವಕ್ಕೆ ಗಾಳಿಚೀಲ ಇಲ್ಲ. ಈ ಎಣ್ಣೆಯೇ ಹಿಡಿದು ನಿಲ್ಲಿಸೋದು."

"ಅಂದ್ರೆ ಮುಳುಗಲ್ಲ?"

"ಮುಳುಗೋದೂ ಇಲ್ಲ, ಮೇಲೆ ಬರೋದೂ ಇಲ್ಲ. ನಡುವೆ ಇರುತ್ತೆ."

ಹೇಳಿದ ಮೇಲೆ ಕಿವಿರಕ್ಕನಿಗೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು. ಟೇಪಣ್ಣನ ದೇಹ ಸಿಕ್ಕಿರಲಿಲ್ಲ. ಅತ್ತಿಗೆ ಆ ಎಣ್ಣೆಯ ಹೊಳಪನ್ನೇ ನೋಡುತ್ತ, "ನಡುವೆ" ಎಂದಷ್ಟೇ ಅಂದಳು. ಕಿವಿಯ ಮೊರೆತ ಏರಿತು. ಕೋಣೆಯ ಮೂಲೆಯಲ್ಲಿ, ಎರಡನೇ ಮೇಜಿನಾಚೆ, ಯಾರೋ ನಿಂತು ಕಾಯುತ್ತಿದ್ದಾರೆ ಎಂಬುದು ಅವಳಿಗೆ ಎಷ್ಟು ಖಚಿತವಾಗಿತ್ತೆಂದರೆ ಅತ್ತ ನೋಡಲೇ ಇಲ್ಲ. ನೋಡದೆಯೇ ಕೆಲಸ ಮುಂದುವರಿಸಿದಳು.

ಆರು ಮರಿಗಳಿದ್ದವು. ಒಂದೊಂದೂ ಗೇಣಿನಷ್ಟು, ತೆಳ್ಳಗೆ, ಬೆಳ್ಳಗೆ. ಪ್ರತಿಯೊಂದರ ಹೊಟ್ಟೆಯಿಂದಲೂ ಹಳದಿಯ ಚೀಲವೊಂದು ಜೋತುಬಿದ್ದಿತ್ತು. ಮೊಟ್ಟೆ ತಾಯಿಯ ಒಳಗೇ ಒಡೆದು, ಆ ಹಳದಿಯನ್ನೇ ತಿಂದು ಬೆಳೆಯುವ ಮರಿಗಳು. ಕುತ್ತಿಗೆಯಲ್ಲಿ ಕೂದಲೆಳೆಯಂಥ ನೆರಿಗೆ ಆಗಲೇ ಮೂಡಿತ್ತು. ಕಿವಿರಕ್ಕ ಎಣಿಸಿದಳು. ಎಲ್ಲಕ್ಕೂ ಆರಾರು.

"ಎಷ್ಟು ತಿಂಗಳಿಗೆ ಹುಟ್ತವೆ?"

"ತಿಂಗಳಲ್ಲ. ಮೂರೂವರೆ ವರ್ಷ ಇರಬಹುದು ಅಂತಾರೆ. ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಆ ತಣ್ಣಗಿನ ನೀರಲ್ಲಿ ಎಲ್ಲಾ ನಿಧಾನ."

ಮರಿಗಳನ್ನು ಜಾಡಿಗೆ ಇಳಿಸಿದ ಮೇಲೆ ತಾಯಿಯ ಹೊಟ್ಟೆ ಹೊಲಿದು ಕಾಯ್ದಿಡಬೇಕು. ಕಿವಿರಕ್ಕ ದಪ್ಪ ಸೂಜಿ ತೆಗೆದುಕೊಂಡಳು. ಎರಡು ಹೊಲಿಗೆ ಹಾಕುವಷ್ಟರಲ್ಲಿ ಅತ್ತಿಗೆ, "ಮೂಟೆ ಹೊಲಿದ ಹಾಗೆ ಹೊಲೀತೀಯಲ್ಲೇ, ಕೊಡಿಲ್ಲಿ" ಎಂದು ಸೂಜಿ ಕಿತ್ತುಕೊಂಡಳು. ಅವಳ ಬೆರಳುಗಳು ಚರ್ಮದ ಎರಡೂ ಅಂಚನ್ನು ಸೇರಿಸಿ ಹಿಡಿದು, ಒಳಗಿನಿಂದ ಹೊರಗೆ, ಒಳಗಿನಿಂದ ಹೊರಗೆ, ಒಂದೇ ಅಂತರದಲ್ಲಿ ಸಾಗಿದವು. ಹೊಲಿಯುತ್ತಲೇ ಮಾತಾಡಿದಳು.

"ಜಗಳ ಆಗಿದ್ದು ನಿಜ. ಯಾವಾಗ್ಲೂ ನೀವೇ ಯಾಕೆ ಹೋಗ್ಬೇಕು ಅಂದೆ. ಅವಳ ಕಿವಿಗೆ ಅಂಥದ್ದೇನಾಗಿದೆ ಅಂದೆ. ನಿನ್ನ ಬಗ್ಗೆ ಕೆಟ್ಟದಾಗಿ ಮಾತಾಡಿದೆ ಕಣೆ. ಅವರಿಗೆ ಸಿಟ್ಟು ಬಂತು. ಪಾಪ ಅದರ ಕಿವಿ ಸೋರ್ತಿದೆ, ನಿನಗೆ ಕರುಣೆ ಇಲ್ವಾ ಅಂದ್ರು. ನಾನು ಫೋನ್ ಇಟ್ಬಿಟ್ಟೆ. ಅದೇ ಕೊನೇ ಮಾತು."

ಕಿವಿರಕ್ಕ ಸುಮ್ಮನಿದ್ದುಬಿಡಬಹುದಿತ್ತು. ಅತ್ತಿಗೆಗೆ ಆ ಟೇಪು ಸಿಕ್ಕಿತ್ತು, ಅಷ್ಟು ಸಾಕಿತ್ತು. ಆದರೆ ಬಾಯಿ ತಾನಾಗಿ ತೆರೆಯಿತು.

"ನನ್ನ ಕಿವಿಗೆ ಏನೂ ಆಗಿರ್ಲಿಲ್ಲ ಅತ್ತಿಗೆ. ಹೋಗೋಕೆ ಬೇಜಾರಾಗಿತ್ತು. ಸುಳ್ಳು ಹೇಳಿದೆ."

ಸೂಜಿ ನಿಂತಿತು. ಅತ್ತಿಗೆ ತಲೆ ಎತ್ತಲಿಲ್ಲ. ಅರ್ಧ ಎಳೆದ ದಾರ ಅವಳ ಬೆರಳಿನಿಂದ ನೇತಾಡುತ್ತಿತ್ತು. ಆಮೇಲೆ ಉಳಿದ ನಾಲ್ಕು ಬೆರಳಿನಷ್ಟು ಜಾಗವನ್ನೂ ಅದೇ ಅಂತರದಲ್ಲಿ ಹೊಲಿದು, ಗಂಟು ಹಾಕಿ, ಕತ್ತರಿ ಕೇಳದೆ ತಾನೇ ಹುಡುಕಿ ತೆಗೆದು ದಾರ ಕತ್ತರಿಸಿದಳು. ಏಪ್ರನ್ ಬಿಚ್ಚಿ ಮಡಚಿದಳು.

"ಟೇಪು ನಾನು ತಗೊಂಡು ಹೋಗಬಹುದಾ, ಇಲ್ಲ ನಿಮಗೆ ಬೇಕಾಗುತ್ತಾ?"

ಹದಿನಾಲ್ಕು ವರ್ಷ ನೀನು ಎಂದವಳು ನೀವು ಎಂದಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ತಗೊಂಡು ಹೋಗಿ" ಎಂದಳು ಕಿವಿರಕ್ಕ. ಬಾಗಿಲು ಮುಚ್ಚಿಕೊಂಡಿತು. ಬಾಯಿಬಿಟ್ಟರೆ ಕಿವಿ ಸುಮ್ಮನಾಗುತ್ತದೆ ಎಂದು ಎಲ್ಲೋ ಒಂದು ಕಡೆ ನಂಬಿದ್ದಳು. ಆಗಲಿಲ್ಲ.

ಅವಳು ವಿಚಾರಣೆಯವರಿಗೆ ಪತ್ರ ಬರೆದಳು. ಅಡಿಗೆಯವನ ಹೇಳಿಕೆ ಸೇರಿಸಿದಳು, ತಾನು ಹೇಳಿದ ಸುಳ್ಳನ್ನೂ ಸೇರಿಸಿದಳು. ಮೊದಲನೆಯದನ್ನು ಅವರು ಕಡತಕ್ಕೆ ಹಚ್ಚಿದರು. ಎರಡನೆಯದು ತಮಗೆ ಸಂಬಂಧಿಸಿದ್ದಲ್ಲವೆಂದು ತಿರುಗಿ ಬರೆದರು. ನಿರ್ದೇಶಕರು ಓದಿ, ಕನ್ನಡಕ ತೆಗೆದು ಒರೆಸಿ, "ಇದನ್ನೆಲ್ಲ ಯಾಕಮ್ಮ ಬರೆಯೋಕೆ ಹೋದೆ" ಎಂದಷ್ಟೇ ಅಂದರು. ಕ್ಯಾಂಟೀನಿನವರ ಮಾತು ನಿಂತಿತು, ಅಥವಾ ಅವಳು ಬಂದಾಗ ಮಾತ್ರ ನಿಲ್ಲುತ್ತಿತ್ತು. ಅಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. "ಹೇಳಿಕೊಟ್ಟವಳು ನಾನು" ಎಂದಳು ಅಮ್ಮ. "ನನ್ನ ಹೆಸರೂ ಬರೀಬೇಕಿತ್ತು."

ನಾಲ್ಕು ತಿಂಗಳ ಮೇಲೆ ಮುಂದಿನ ಯಾನ. ಯಾರೂ ಕೇಳುವ ಮೊದಲೇ ಅವ‌ಳು ಹೆಸರು ಕೊಟ್ಟಳು. ಅದೇ ಹಡಗು, ಅದೇ ಕಬ್ಬಿಣ ತಗಲುವ ಹಾಸಿಗೆ, ಮೂರು ದಿನದ ವಾಂತಿ. ಎಡಗಿವಿಯ ಮೊರೆತ ಎಂಜಿನ್ನಿನ ಮೊರೆತದ ಜೊತೆ ಸೇರಿ, ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಹಿಂಭಾಗದಲ್ಲಿ ಈಗ ಎದೆಮಟ್ಟದ ಹೊಸ ಕಟಕಟೆ ಹಾಕಿದ್ದರು. ಅಲ್ಲಿಗೆ ಅವಳು ಹೋಗುತ್ತಿರಲಿಲ್ಲ.

ಎರಡನೇ ದಿನ ಹನ್ನೊಂದಕ್ಕೆ ಹಡಗಿನ ಫೋನಿಗೆ ಕರೆ ಬಂತು. ಅವಳಿಗೆ ಎಂದು ಕರೆದರು.

"ಇದ್ದೀರಾ?" ಅತ್ತಿಗೆಯ ದನಿ.

"ಇದ್ದೀನಿ."

ಅಷ್ಟೇ. ಆ ಕಡೆ ಇಟ್ಟರು. ಮೂರನೇ ದಿನ ಹನ್ನೊಂದಕ್ಕೆ ಮತ್ತೆ. ನಾಲ್ಕನೇ ದಿನ, ಐದನೇ ದಿನ. ಇದ್ದೀರಾ, ಇದ್ದೀನಿ. ಅದು ಕಾಳಜಿಯೋ ಶಿಕ್ಷೆಯೋ ಅವಳಿಗೆ ಬಗೆಹರಿಯಲಿಲ್ಲ. ಅತ್ತಿಗೆಗೂ ಬಗೆಹರಿದಿರಲಿಕ್ಕಿಲ್ಲ. ಹತ್ತೂವರೆ ಆದರೆ ಸಾಕು, ಅವಳ ಕಾಲು ತಾನಾಗಿ ಫೋನಿನ ಕಡೆ ನಡೆಯುತ್ತಿತ್ತು.

ಒಂಬತ್ತನೇ ದಿನ ಗಾಳದ ಸಾಲು ಮೇಲೆ ಬರುತ್ತಿದ್ದ ಹೊತ್ತಿಗೇ ಫೋನು ಬಂತು. ತಂತಿ ಉದ್ದವಿತ್ತು, ಅವಳು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

"ಇದ್ದೀರಾ?"

"ಇದ್ದೀನಿ."

ಅವತ್ತು ಆ ಕಡೆ ಇಡಲಿಲ್ಲ. ಉಸಿರು ಕೇಳುತ್ತಿತ್ತು, ಬೀದಿಯ ಗದ್ದಲ ಕೇಳುತ್ತಿತ್ತು. ಹಗ್ಗ ಸುತ್ತಿಕೊಳ್ಳುತ್ತಲೇ ಇತ್ತು. ಖಾಲಿ ಗಾಳ, ಖಾಲಿ ಗಾಳ, ಮತ್ತೊಂದು ಖಾಲಿ. ಇಷ್ಟು ಹೊತ್ತಿಗೆ ಅವನು ಅಡಿಗೆಮನೆಯಲ್ಲಿ ಪಾತ್ರೆ ಎತ್ತಿ ನೋಡುತ್ತಿದ್ದನೇನೋ. ಇಷ್ಟು ಹೊತ್ತಿಗೆ ಹಿಂದಕ್ಕೆ ಹೊರಟಿದ್ದನೇನೋ. ಆಗ ನೀರು ಬಿಳಿಯಾಗಿ ಒಡೆದು ಒಂದು ಮೂತಿ ಮೇಲೆ ಬಂತು.

"ಏನು ಬಂತು?" ಅತ್ತಿಗೆಗೆ ಜನರ ಕೂಗು ಕೇಳಿಸಿರಬೇಕು.

"ಏಳು ಸೀಳಿನದ್ದು. ಸಣ್ಣದು."

"ಜೀವ ಇದೆಯಾ?"

"ಇದೆ. ಒದ್ದಾಡ್ತಿದೆ."

"ಹಾಗಾದ್ರೆ ಬೇಗ ಬಿಡಿ" ಎಂದಳು ಅತ್ತಿಗೆ. ತಡೆದು ಮತ್ತೆ ಹೇಳಿದಳು. "ಬಿಡುವಾಗ ಬಗ್ಗಬೇಡಿ. ಯಾರ ಕೈಯಾದ್ರೂ ಹಿಡ್ಕೊಳ್ಳಿ."

ಅವಳು ಫೋನನ್ನು ಪಕ್ಕದಲ್ಲಿ ನಿಂತಿದ್ದ ಅಡಿಗೆಯವನ ಕೈಗೆ ಕೊಟ್ಟು, ಅವನ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ನೀರಿನ ಕಡೆ ಹೋದಳು.